ಒಂದೇ ತಂತಿ, ಎರಡು ಕರೆ

ಮನೆಗೆ ಬಂದ ಟೆಲಿಫೋನು ತಂತಿ ಒಂದೇ ಆಗಿದ್ದಾಗ, ಅದರ ಮೇಲೆ ಮೊದಲ ಹಕ್ಕು ಯಾರದು? ನಾವು ಕರೆಯುವ ಲೋಕದ್ದೋ, ನಮ್ಮನ್ನು ಕರೆಯುವ ಮನೆಯವರದ್ದೋ? ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಕನ್ನಡಿಗರ ಮುಂದೆ ಈ ಪ್ರಶ್ನೆ ತಂದಿಟ್ಟದ್ದು ಯಾವ ವೇದಾಂತಿಯೂ ಅಲ್ಲ, ಮೋಡೆಮ್ ಎಂಬ ಸಣ್ಣ ಡಬ್ಬಿ.

1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಇಂಟರ್‌ನೆಟ್ಟನ್ನು ಜನರಿಗೆ ತೆರೆಯಿತು. 1996ರಲ್ಲಿ, ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಯು. ಬಿ. ಪವನಜ ಅವರ ‘ವಿಶ್ವಕನ್ನಡ’ ಬಂತು. 1998ರಲ್ಲಿ ‘ಬರಹ’ ತಂತ್ರಾಂಶ ಬಂತು. ಲೋಕಲ್ ಗಾಡಿಯಲ್ಲಿ ನೇತಾಡಿಕೊಂಡು ರಾತ್ರಿ ಒಂಬತ್ತಕ್ಕೆ ಮನೆ ಸೇರಿದವನಿಗೆ ಊರಿನ ಸುದ್ದಿಯನ್ನು ಕನ್ನಡದಲ್ಲೇ ಓದುವ ಆಸೆ. ತಪ್ಪೇನು?

ಆದರೆ ಕನೆಕ್ಷನ್ ಸಿಗಬೇಕಲ್ಲ! 680 ಅಂದರೆ ಡಯಲ್ ಟೋನ್ ಇಲ್ಲ, 678 ಅಂದರೆ ಆಚೆ ಕಡೆಯಿಂದ ಉತ್ತರವಿಲ್ಲ, 691 ಅಂದರೆ ಹೆಸರೋ ಪಾಸ್‌ವರ್ಡೋ ಹೊಂದುತ್ತಿಲ್ಲ. ಮಳೆಗಾಲದಲ್ಲಿ ಕೇಬಲ್ಲಿನ ಜೋಡಣೆಗೆ ನೀರಿಳಿದರೆ ಲೈನಿನ ತುಂಬ ಗರಗರ. ಮನುಷ್ಯನ ಕಿವಿ ಅರ್ಧ ಕೇಳಿ ಉಳಿದರ್ಧ ಊಹಿಸಿಕೊಳ್ಳುತ್ತದೆ. ಮೋಡೆಮ್‌ಗೆ ಆ ಔದಾರ್ಯವಿಲ್ಲ. ತಿಳಿದವರು ಪರಿಹಾರ ಹೇಳುತ್ತಿದ್ದರು: ಒಳಕೋಣೆಯ ಪ್ಯಾರಲಲ್ ಫೋನ್ ಕಿತ್ತಿಡಿ, ಕಾಲ್ ವೇಟಿಂಗ್ ತೆಗೆಸಿಬಿಡಿ. ನಡುವೆ ಕರೆ ಬಂದರೆ ಆ ‘ಬೀಪ್’ ಸದ್ದಿಗೇ ಸಂಪರ್ಕ ಕಡಿಯುತ್ತದೆ. ಗಮನಿಸಿದಿರಾ? ಯಂತ್ರದ ಲೆಕ್ಕದಲ್ಲಿ ಅಮ್ಮನ ಕರೆಯೂ ಒಂದು ಅಡಚಣೆ.

ಎಸ್‌ಟಿಡಿ ದರ ಇಳಿಯುತ್ತಿದ್ದದ್ದೂ ರಾತ್ರಿಯೇ. ಊರಿನ ಬೂತಿನಲ್ಲಿ ನಿಂತು 0251 ಒತ್ತಿದ ಅಮ್ಮ, “ಎಂಗೇಜ್ ಬರ್ತದೆ ಮಾರಾಯ” ಅಂತ ಬೂತಿನ ಹುಡುಗನಿಗೆ ಹೇಳಿ ಕತ್ತಲಲ್ಲಿ ಹಿಂದಿರುಗುತ್ತಿದ್ದಳು. ಇತ್ತ ಮಗ ಆ ಊರಿನ ಸುದ್ದಿಯನ್ನೇ ಓದುತ್ತಿದ್ದ. ಊರಿನ ಮೇಲಿನ ಪ್ರೀತಿಯೇ ಊರಿನವರಿಗೆ ಬಾಗಿಲು ಹಾಕಿತ್ತು.

ಹಾಗಂತ ಮಗನನ್ನು ಕಟಕಟೆಗೆ ಹತ್ತಿಸುವುದು ನ್ಯಾಯವಲ್ಲ. ದಿನವಿಡೀ ಹಿಂದಿ, ಮರಾಠಿ ಆಡಿ ಬಂದವನಿಗೆ ಭಾಷೆಯ ಹಸಿವೂ ಹಸಿವೇ. ಆದರೆ ಎರಡು ಹಕ್ಕುಗಳು ಸಮ ಅಂತ ನನಗನ್ನಿಸುವುದಿಲ್ಲ. ದೂರದ ಊರನ್ನು ಪ್ರೀತಿಸುವುದು ಸುಲಭ, ಅದು ಏನನ್ನೂ ಕೇಳುವುದಿಲ್ಲ. ಊರಿನವರು ಕೇಳುತ್ತಾರೆ: ಮಂಡಿನೋವಿಗೆ ಮದ್ದು, ಗದ್ದೆಯ ತಕರಾರಿಗೆ ದಾರಿ, ‘ಯಾವಾಗ ಬರ್ತಿ’ ಎಂಬುದಕ್ಕೆ ಉತ್ತರ. ಸುದ್ದಿ ನಾಳೆಯೂ ಸಿಕ್ಕೀತು. ಬೂತಿನವರೆಗೆ ನಡೆದು ಬಂದ ಜೀವಕ್ಕೆ ನಾಳೆಯೂ ಅಷ್ಟೇ ಶಕ್ತಿ ಇದ್ದೀತೇ?

ಡೊಂಬಿವಲಿಯ ಪರಿಚಯದ ಮನೆಯೊಂದರಲ್ಲಿ ಒಂಬತ್ತರಿಂದ ಹತ್ತರವರೆಗೆ ಮೋಡೆಮ್ ಮುಟ್ಟುವಂತಿರಲಿಲ್ಲ. ಫೋನ್ ಬರಲಿ, ಬಿಡಲಿ, ಆ ಒಂದು ಗಂಟೆ ಊರಿಗೆ ಮೀಸಲು. ಇದಕ್ಕಿಂತ ಒಳ್ಳೆಯ ರಿಪೇರಿ ನಾನು ಕಂಡಿಲ್ಲ.

ಈಗ ಆ ಇಕ್ಕಟ್ಟಿಲ್ಲ. ಓದುತ್ತಿರುವಾಗಲೇ ಫೋನ್ ರಿಂಗಾಗುತ್ತದೆ, ತೆರೆಯ ಮೇಲೆ ‘ಅಮ್ಮ’ ಎಂದು ಹೆಸರೂ ಮೂಡುತ್ತದೆ. ಎತ್ತದಿದ್ದರೆ ದೂರಲಿಕ್ಕೆ ತಂತಿಯೊಂದೂ ಇಲ್ಲ, ಅಷ್ಟೆ.