ಉಪವಾಸವಿರುವುದು, ಉಪವಾಸ ಕೆಡಹುವುದು

ಹೊಲದ ಬದುಗಳಲ್ಲಿ ನೆಲ ಹಿಡಿದು ಹಬ್ಬುವ ನೆಗ್ಗಿಲು ಮುಳ್ಳನ್ನು ಅರಿಯದವರಿಲ್ಲ. ವೈದ್ಯರು ಇದನ್ನು ಗೋಕ್ಷುರವೆಂದು ಕರೆದು, ಮೂತ್ರ ಕಟ್ಟಿದಾಗಲೂ ಕಾಲು ಬಾತಾಗಲೂ ಇದರ ಕಾಯಿಯ ಕಷಾಯವನ್ನು ಕೊಡುತ್ತ ಬಂದಿದ್ದಾರೆ. ನಾನೂ ಅದನ್ನು ಸೇವಿಸಿದವನೇ. ಔಷಧಶಾಸ್ತ್ರವನ್ನು ಓದುತ್ತಿರುವ ನನ್ನ ಮೊಮ್ಮಗಳು ಕಳೆದ ಚತುರ್ದಶಿಯಂದು ಕೇಳಿದಳು: “ಅಜ್ಜಾ, ಈ ಕಷಾಯದ ಗುಣವನ್ನು ಇಲಿಗಳ ಮೇಲೆ ಪರೀಕ್ಷಿಸುವ ಕೆಲಸ ನನ್ನ ಪಾಲಿಗೆ ಬಂದರೆ ಮಾಡಬಹುದೇ? ನೀವೇ ಹೇಳಿರಿ.”

ಮೊದಲು ಪರೀಕ್ಷೆಯ ಕ್ರಮವನ್ನು ತಿಳಿಯೋಣ. 1943ರಲ್ಲಿ ಲಿಪ್‌ಶಿಟ್ಜ್ ಮತ್ತು ಸಂಗಡಿಗರು ರೂಪಿಸಿದ ವಿಧಾನವೇ ಇಂದಿಗೂ ಇದಕ್ಕೆ ಆಧಾರ. ಇಲಿಗಳಿಗೆ ಸಾಮಾನ್ಯವಾಗಿ 18 ಗಂಟೆಗಳ ಕಾಲ ಆಹಾರವನ್ನೂ, ಅನೇಕ ಕಡೆ ನೀರನ್ನೂ ತಡೆಯುತ್ತಾರೆ. ಬಳಿಕ ತೂಕದ ಪ್ರತಿ ಕಿಲೋಗ್ರಾಮಿಗೆ 25 ಮಿಲಿಲೀಟರಿನಂತೆ ಉಪ್ಪುನೀರನ್ನು ಕೊಡುತ್ತಾರೆ. ಒಂದು ಗುಂಪಿಗೆ ಗಿಡದ ಸಾರ, ಇನ್ನೊಂದಕ್ಕೆ ಫ್ಯೂರೋಸೆಮೈಡ್ ಎಂಬ ಮಾತ್ರೆಯ ಮದ್ದು, ಮತ್ತೊಂದಕ್ಕೆ ಬರಿಯ ಉಪ್ಪುನೀರು. ಅನಂತರ ಜಾಲರಿ ತಳದ ಪಂಜರದಲ್ಲಿಟ್ಟು, 5 ಗಂಟೆಗಳಲ್ಲಿ ಇಳಿದ ಮೂತ್ರವನ್ನು ಅಳೆಯುತ್ತಾರೆ. 2003ರಲ್ಲಿ ಪ್ರಕಟವಾದ ಇಂತಹ ಒಂದು ಪರೀಕ್ಷೆಯಲ್ಲಿ ನೆಗ್ಗಿಲು ಫ್ಯೂರೋಸೆಮೈಡಿಗಿಂತ ತುಸು ಹೆಚ್ಚೇ ಮೂತ್ರವನ್ನಿಳಿಸಿತು.

ಗೃಹಸ್ಥನು ಏಕೇಂದ್ರಿಯ ಜೀವಿಯಾದ ನೆಗ್ಗಿಲನ್ನು ಅವಶ್ಯಕತೆಗೆ ತಕ್ಕಷ್ಟು ಕೀಳಬಹುದು. ತ್ರಸಜೀವಿಯ ಸಂಕಲ್ಪೀ ಹಿಂಸೆಯನ್ನಾದರೋ ಅವನು ತ್ಯಜಿಸಿದ್ದಾನೆ. ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಪಂಜರವು ಬಂಧ, 18 ಗಂಟೆಗಳ ತಡೆಯು ಅನ್ನಪಾನನಿರೋಧ. ಕೊನೆಗೆ ಪ್ರಾಣಿಯನ್ನು ಕೊಂದು ಮೂತ್ರಪಿಂಡವನ್ನು ನೋಡುವುದಾದರೆ ಅದು ಅತಿಚಾರವನ್ನೂ ಮೀರಿದ ವ್ರತಭಂಗ.

“ನಾವೂ ಪರ್ವದಿನಗಳಲ್ಲಿ ಅನ್ನನೀರು ಬಿಡುತ್ತೇವಲ್ಲ?” ಎನ್ನುವವರುಂಟು. ಹಸಿವು ಎರಡೂ ಕಡೆ ಒಂದೇ. ಆದರೆ ಪ್ರೋಷಧೋಪವಾಸವನ್ನು ನಾವು ಸಂಕಲ್ಪಿಸಿ ಹಿಡಿದಿದ್ದೇವೆ. ಇಲಿಯನ್ನು ಉಪವಾಸ ಕೆಡಹಿದ್ದಾರೆ. ವಿಧಿಯಿಲ್ಲದೆ ಸಹಿಸಿದ ಆ ಜೀವಕ್ಕೆ ಅಕಾಮನಿರ್ಜರೆ ಆದೀತು. ಕಟ್ಟಿಹಾಕಿದವನಿಗೆ ಅದರಲ್ಲಿ ಪಾಲಿಲ್ಲ.

ಮೊಮ್ಮಗಳು ಸುಮ್ಮನಾಗಲಿಲ್ಲ. “ಮೂತ್ರ ಮಿತಿಮೀರಿ ಇಳಿದರೆ ಪೊಟ್ಯಾಸಿಯಂ ಕುಂದಿ ಹೃದಯದ ಬಡಿತವೇ ತಪ್ಪಬಹುದು. ಪರೀಕ್ಷಿಸದೆ ಕೊಡುವುದೂ ಹಿಂಸೆಯಲ್ಲವೇ? ನೀವು ಈಗ ನುಂಗುವ ಮಾತ್ರೆಯೂ ಪ್ರಾಣಿಗಳ ಮೇಲೆ ಪರೀಕ್ಷೆಯಾಗಿಯೇ ಬಂದದ್ದು” ಎಂದಳು. ಮಾತು ನಿಜ. ಪ್ರಮಾದದಿಂದ ರೋಗಿಯ ಪ್ರಾಣಕ್ಕೆ ಕೇಡಾದರೆ ಅದೂ ಹಿಂಸೆಯೇ. ಕೃತ, ಕಾರಿತ, ಅನುಮೋದನೆಗಳಲ್ಲಿ ಮೂರನೆಯದರಿಂದ ನಾನೂ ಮುಕ್ತನಲ್ಲ.

ಆದರೆ ನಮ್ಮ ಪೂರ್ವಜರು ವೈದ್ಯವನ್ನು ತೊರೆಯಲಿಲ್ಲ, ದಾರಿಯನ್ನು ಬದಲಿಸಿದರು. ಮಾಂಸ, ಮದ್ಯ, ಮಧುಗಳನ್ನು ಬಿಟ್ಟೂ ಚಿಕಿತ್ಸೆ ನಡೆಯುವುದೆಂದು ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ದಲ್ಲಿ ತೋರಿದರು. ಇಂದಿಗೂ ದಾರಿಗಳಿವೆ. ಪ್ರಾಣಿಗಳಿಲ್ಲದ ಪರೀಕ್ಷಾವಿಧಾನಗಳಿಗೆ ನಮ್ಮ ದೇಶದ ಔಷಧನಿಯಮಗಳು 2023ರ ತಿದ್ದುಪಡಿಯಲ್ಲಿ ಎಡೆಗೊಟ್ಟಿವೆ. ಎಂದೂ ಬಳಸದ ಹೊಸ ದ್ರವ್ಯದ ವಿಷವನ್ನರಿಯಲು ಇವು ಎಲ್ಲ ಕಡೆಯೂ ಸಾಲವು; ಅದನ್ನು ಒಪ್ಪುತ್ತೇನೆ. ಆದರೆ ನೆಗ್ಗಿಲು ಹೊಸದಲ್ಲ. ಅದನ್ನು ಕುಡಿಯುವ ಮನುಷ್ಯರಿದ್ದಾರೆ. ವೈದ್ಯರ ಕಣ್ಣೆದುರಿನಲ್ಲಿ, ತಿಳಿದು ಒಪ್ಪಿದವರ ಮೂತ್ರವನ್ನೂ ರಕ್ತವನ್ನೂ ಅಳೆಯಬಹುದು. ಅವರು ಬೇಡವೆಂದರೆ ಎದ್ದುಹೋಗಬಹುದು. ಇಲಿಗೆ ಆ ಬಾಗಿಲಿಲ್ಲ.

ಆದುದರಿಂದ ಅವಳಿಗೆ ಹೀಗೆಂದೆ: “ಮಗೂ, ಈ ಗಿಡಕ್ಕಾಗಿ ಇಲಿಯನ್ನು ಹಿಡಿಯಬೇಡ; ಬೇರೆ ವಿಧಾನವನ್ನು ಗುರುಗಳಲ್ಲಿ ವಿನಯದಿಂದ ಕೇಳು. ಎಂದಾದರೂ ತಪ್ಪಿಸಿಕೊಳ್ಳಲಾಗದೆ ಮಾಡಬೇಕಾಗಿ ಬಂದರೆ, ಅದನ್ನು ಧರ್ಮವೆಂದು ಮಾತ್ರ ಕರೆಯಬೇಡ. ದೋಷವನ್ನು ದೋಷವೆಂದೇ ಆಲೋಚನೆ ಮಾಡಿಕೋ.” ಅಂದಿನ ಪ್ರತಿಕ್ರಮಣದಲ್ಲಿ ನನ್ನ ಮಾತ್ರೆಯನ್ನೂ ನೆನೆದೆನು. ಅಳೆಯುವವರು ಬಂದರೆ ಒಪ್ಪಿ ಕುಳಿತುಕೊಳ್ಳುವವರಲ್ಲಿ ನಾನೂ ಒಬ್ಬನಾಗಬೇಕೆಂದು ಬಗೆದಿದ್ದೇನೆ.