ಅಳತೆಗೆ ಸಿಕ್ಕಷ್ಟು ಮಿದುಳು

• ಮೈತೂಕದಲ್ಲಿ ಮಿದುಳಿನ ಪಾಲು ನೂರಕ್ಕೆ ಎರಡು. ಆದರೆ ಸುಮ್ಮನೆ ಕುಳಿತಾಗಲೂ ದೇಹ ಖರ್ಚು ಮಾಡುವ ಶಕ್ತಿಯ ಸುಮಾರು ಐದರಲ್ಲಿ ಒಂದು ಪಾಲು ಅದಕ್ಕೇ ಬೇಕು. ಕೈಕಟ್ಟಿ ಕುಳಿತವರನ್ನು ಸೋಮಾರಿ ಎನ್ನುವ ಮೊದಲು ಇದನ್ನು ನೆನೆಯಬೇಕು.

• ಮಿದುಳಿನ ಒಟ್ಟು ನರಕೋಶಗಳು ಸುಮಾರು 8,600 ಕೋಟಿ. ಅವುಗಳಲ್ಲಿ ಐದರಲ್ಲಿ ನಾಲ್ಕು ಪಾಲು ಇರುವುದು ನಡಿಗೆಯ ಹದ ಕಾಯುವ, ಹಿಂಬದಿಯ ಪುಟ್ಟ ಅನುಮಸ್ತಿಷ್ಕದಲ್ಲಿ. ಎಡವದೆ ನಡೆಯುವುದು ಸುಲಭದ ಕೆಲಸವೆಂದು ತಿಳಿದವರು ಈ ಲೆಕ್ಕವನ್ನು ನೋಡಿಲ್ಲ.

• ಉಸಿರು, ಎದೆಬಡಿತಗಳನ್ನು ಕಾಯುವ, ಮಿದುಳಿನ ಬುಡದ ಮೆಡುಲ್ಲಾ ನಮ್ಮ ಅಪ್ಪಣೆಗೆ ಕಾಯುವುದಿಲ್ಲ. ಬದುಕಿರುವುದು ನನ್ನ ಸಾಧನೆಯಲ್ಲ.

• 1861ರ ಪ್ಯಾರಿಸ್. ‘ಟಾನ್’ ಎಂಬುದರ ಹೊರತು ಹೆಚ್ಚೇನೂ ನುಡಿಯಲಾಗದ ರೋಗಿಯೊಬ್ಬ ತೀರಿಕೊಂಡ. ಅವನ ಮಿದುಳಿನ ಎಡ ಮುಂಭಾಗದ ಗಾಯವನ್ನು ಕಂಡ ವೈದ್ಯ ಪಾಲ್ ಬ್ರೋಕಾ ಮಾತಿನ ನೆಲೆಯನ್ನು ಗುರುತಿಸಿದರು. ಮಿದುಳಿನ ಭೂಪಟದ ಬಹುಭಾಗ ನೊಂದವರು ಬರೆದುಕೊಟ್ಟದ್ದು.

• ಮೈಯ ನೋವನ್ನೆಲ್ಲ ಅರಿಯುವ ಮಿದುಳಿಗೆ ತನ್ನ ಮೇಲೆ ಕತ್ತಿಯಾಡಿದರೆ ನೋವಿಲ್ಲ. ಹಾಗಾಗಿಯೇ ರೋಗಿಯನ್ನು ಎಚ್ಚರವಾಗಿಟ್ಟು, ಮಾತನಾಡಿಸುತ್ತಲೇ ಗೆಡ್ಡೆ ತೆಗೆಯಬಹುದು. ಮಾತು ತಡವರಿಸಿದಲ್ಲಿ ವೈದ್ಯರ ಕೈ ನಿಲ್ಲುತ್ತದೆ. ಎಲ್ಲಿ ನಿಲ್ಲಬೇಕೆಂದು ತಿಳಿದಿರುವುದೇ ನಿಜವಾದ ಕೈಚಳಕ.

• ಜರ್ಮನಿಯ ಯೇನಾದಲ್ಲಿ ಹಾನ್ಸ್ ಬರ್ಗರ್ ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು ಮೊದಲು ದಾಖಲಿಸಿದ್ದು 1924ರಲ್ಲಿ, ಪ್ರಕಟಿಸಿದ್ದು 1929ರಲ್ಲಿ. ನಡುವಿನ ವರ್ಷಗಳು ಕಂಡದ್ದನ್ನೇ ಶಂಕಿಸಿ ಪರೀಕ್ಷಿಸುವುದರಲ್ಲಿ ಕಳೆದವು. ಹೊಸದನ್ನು ಕಂಡವರು ಮೊದಲು ತಮ್ಮನ್ನೇ ಪ್ರಶ್ನಿಸಿಕೊಳ್ಳಬೇಕು.

• ಕಣ್ಮುಚ್ಚಿ ಹಾಯಾಗಿ ಕುಳಿತಾಗ ತಲೆಯ ಹಿಂಭಾಗದಲ್ಲಿ ಸೆಕೆಂಡಿಗೆ 8ರಿಂದ 13 ಬಾರಿ ಏಳುವ ಆಲ್ಫಾ ಅಲೆ, ಕಣ್ತೆರೆದೊಡನೆ ತಗ್ಗುತ್ತದೆ. ಮಿದುಳಿಗೆ ವಿಶ್ರಾಂತಿಯೂ ಒಂದು ಲಯ.

• ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿಗೆ ಗೊತ್ತಿರುವುದು ‘ಯಾವಾಗ’ ಎಂಬುದು. ಮಿಲಿಸೆಕೆಂಡನ್ನೂ ಅದು ಬಿಡದು. ‘ಎಲ್ಲಿ’ ಎಂದು ಕೇಳಿದರೆ ತಲೆಬುರುಡೆ ಅಡ್ಡ ನಿಲ್ಲುತ್ತದೆ. ಎಫ್‌ಎಂಆರ್‌ಐ ಎಂಬ ಸ್ಕ್ಯಾನ್ ಜಾಗ ತೋರಿಸುತ್ತದೆ. ಆದರೆ ಅದು ನೋಡುವುದು ರಕ್ತದ ಆಮ್ಲಜನಕವನ್ನು; ಆ ಆಮ್ಲಜನಕ ಏರಿ ಕಾಣುವಷ್ಟರಲ್ಲಿ ನಾಲ್ಕೈದು ಸೆಕೆಂಡು ಕಳೆದಿರುತ್ತದೆ. ಒಬ್ಬನೇ ಸಾಕ್ಷಿಯನ್ನು ನಂಬಿ ತೀರ್ಪು ಬರೆಯಬಾರದು.

• ಸ್ಕ್ಯಾನ್ ಚಿತ್ರದ ಕೆಂಪು ಹಳದಿ ಮಿದುಳಿನ ಬಣ್ಣಗಳಲ್ಲ, ಲೆಕ್ಕಾಚಾರಕ್ಕೆ ಬಳಿದ ಬಣ್ಣಗಳು. ಬಣ್ಣ ಬೀಳದ ಜಾಗವೂ ದುಡಿಯುತ್ತಲೇ ಇರುತ್ತದೆ.

• ಪ್ರಜ್ಞೆಯಿಲ್ಲವೆಂದು ನಂಬಲಾಗಿದ್ದ ತರುಣಿಗೆ ‘ಟೆನಿಸ್ ಆಡುತ್ತಿರುವಂತೆ ಕಲ್ಪಿಸಿಕೊಳ್ಳಿ’ ಎಂದಾಗ, ಆರೋಗ್ಯವಂತರಂತೆಯೇ ಅವಳ ಮಿದುಳಿನ ಚಲನೆಯ ಭಾಗ ಚುರುಕಾಯಿತು. ನರವಿಜ್ಞಾನಿ ಏಡ್ರಿಯನ್ ಓವನ್ ತಂಡ ಇದನ್ನು 2006ರಲ್ಲಿ ವರದಿ ಮಾಡಿತು. ಉತ್ತರ ಬಾರದಿದ್ದರೆ ಕೇಳಿಸಿಕೊಳ್ಳುವವರಿಲ್ಲ ಎಂದಲ್ಲ. ರೋಗಿಯ ಮಂಚದ ಬಳಿ ಆಡುವ ಮಾತನ್ನು ತೂಗಿ ಆಡಬೇಕು.

• ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳುಗಳ ವಸ್ತುಸಂಗ್ರಹಾಲಯವಿದೆ. ಸಾವಿನ ದುಃಖದ ನಡುವೆಯೂ ಮಿದುಳಿನ ದಾನಕ್ಕೆ ಒಪ್ಪಿಗೆ ಕೊಟ್ಟ ಮನೆಯವರಿಗೆ ನಾವು ಋಣಿಗಳು.

• ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಮಂಪರು ಪರೀಕ್ಷೆಯನ್ನಾಗಲಿ ಬ್ರೈನ್ ಮ್ಯಾಪಿಂಗನ್ನಾಗಲಿ ಯಾರ ಮೇಲೂ ಬಲವಂತವಾಗಿ ನಡೆಸುವಂತಿಲ್ಲ. ಅಳೆಯುವ ಯಂತ್ರ ಎಷ್ಟೇ ಸೂಕ್ಷ್ಮವಾಗಲಿ, ಆ ತಲೆ ಯಾರದೋ ಅವರನ್ನು ಮೊದಲು ಕೇಳಬೇಕು.