ಆನೆಯ ಬುದ್ಧಿ, ಯಂತ್ರದ ಬುದ್ಧಿ

ಯಂತ್ರಗಳು ಸ್ವಂತವಾಗಿ ಯೋಚಿಸತೊಡಗಿದರೆ ಏನು ಗತಿ ಎಂಬ ಅಳುಕು ಈಗ ಎಲ್ಲೆಡೆ ಇದೆ. ಸಕಲೇಶಪುರ, ಆಲೂರಿನ ಜನ ಮನುಷ್ಯರದ್ದಲ್ಲದ ಬುದ್ಧಿಯೊಂದರ ಜೊತೆ ಬಹುಕಾಲದಿಂದ ಏಗುತ್ತಿದ್ದಾರೆ. ಕಾಡಾನೆ ಸೋಲಾರ್ ಬೇಲಿಯ ಮೇಲೆ ಮರ ಕೆಡವಿ ದಾಟುತ್ತದೆ, ಭತ್ತ ಬಲಿಯುವ ಹೊತ್ತಿಗೆ ಗದ್ದೆಗಿಳಿಯುತ್ತದೆ. ಆದರೆ ಅದಕ್ಕೂ ಜೀವಭಯವಿದೆ. ಇಟ್ಟ ತಪ್ಪು ಹೆಜ್ಜೆಯ ಬೆಲೆಯನ್ನು ಅದೂ ತೆರುತ್ತದೆ. ಯಂತ್ರಕ್ಕೆ ಕಳೆದುಕೊಳ್ಳಲು ಏನೂ ಇಲ್ಲ.

ಈಗ ರೇಡಿಯೊ ಕಾಲರ್ ತೊಟ್ಟ ಆನೆ ಎಲ್ಲಿದೆಯೆಂದು ತೋಟದವರ ಮೊಬೈಲಿಗೆ ಸಂದೇಶ ಬರುತ್ತದೆ. ತಮಿಳುನಾಡಿನ ಮಧುಕ್ಕರೈಯಲ್ಲಿ 2024ರಿಂದ ಕೃತಕ ಬುದ್ಧಿಮತ್ತೆಯ ಕ್ಯಾಮೆರಾಗಳು ರೈಲು ಹಳಿಯ ಬಳಿ ಬಂದ ಆನೆಯನ್ನು ಗುರುತಿಸುತ್ತವೆ. ಇವು ಜೀವ ಉಳಿಸುವ ಕೆಲಸಗಳು, ಬರಲಿ. ನಾಳೆ ಯಾವುದು ಪುಂಡಾನೆ, ಯಾವುದನ್ನು ಹಿಡಿಯಬೇಕು ಎಂದೂ ಯಂತ್ರವೇ ಹೇಳಿದರೆ?

1972ರ ವನ್ಯಜೀವಿ ಕಾಯ್ದೆಯಂತೆ ಆನೆ ಹಿಡಿಯುವ ಆದೇಶವನ್ನು ಅಧಿಕಾರಿಯೊಬ್ಬರು ಕಾರಣ ಸಹಿತ ಬರೆದು ಕೊಡಬೇಕು. 2023ರ ಡಿಸೆಂಬರ್ 4ರಂದು ಯಸಳೂರು ಬಳಿ ಕಾಡಾನೆ ಸೆರೆ ಕಾರ್ಯಾಚರಣೆಯಲ್ಲಿ, ಎಂಟು ಬಾರಿ ಚಿನ್ನದ ಅಂಬಾರಿ ಹೊತ್ತಿದ್ದ ಅರ್ಜುನ ಸತ್ತಾಗ, ಇದಕ್ಕೆ ಹೊಣೆ ಯಾರೆಂದು ಜನ ಕೇಳಿದರು. ಉತ್ತರ ಸಮಾಧಾನ ತಂದಿತೋ ಇಲ್ಲವೋ, ಪ್ರಶ್ನೆ ಹಿಡಿದು ಹೋಗಿ ನಿಲ್ಲಲು ಒಂದು ಬಾಗಿಲಾದರೂ ಇತ್ತು. ‘ಕಂಪ್ಯೂಟರ್ ಹಾಗೆ ಹೇಳಿತು’ ಎನ್ನುವುದೇ ಕಾರಣವಾದ ದಿನ ಆ ಬಾಗಿಲೂ ಮುಚ್ಚುತ್ತದೆ.

ಯಂತ್ರ ಯೋಚಿಸುವುದಕ್ಕಿಂತ, ಅದರ ಮಾತಿಗೆ ನಾವು ಯೋಚಿಸದೆ ಸಹಿ ಹಾಕುವುದೇ ನನಗೆ ಹೆಚ್ಚು ಭಯ.